ಎಂಎನ್‌ಡಿ: ಟ್ರಯಲ್‌ಗೆ ಸೇರಲು ಲಕ್ಷಗಟ್ಟಲೆ ಕೇಳುತ್ತಿದ್ದಾರೆ, ಕೊಡಬೇಕಾ?

ಪ್ರಶ್ನೆ (ಡೊಂಬಿವಲಿಯ ಸದಸ್ಯರು): ಡಾಕ್ಟರೇ, ನಮ್ಮ ತಂದೆಗೆ ಎಂಎನ್‌ಡಿ (ಮೋಟಾರ್ ನ್ಯೂರಾನ್ ಡಿಸೀಸ್, ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಕಾಯಿಲೆ). ಕೈಯಲ್ಲಿ ಲೋಟ ನಿಲ್ಲುವುದಿಲ್ಲ, ಮಾತು ತೊದಲುತ್ತದೆ. ಕಾಯಿಲೆ ನಿಧಾನವಾಗಲಿ ಅಂತ ರಿಲುಜೋಲ್ ಮಾತ್ರೆ ನಡೆಯುತ್ತಿದೆ. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆಯ ಟ್ರಯಲ್‌ಗೆ, ಅಂದರೆ ರೋಗಿಗಳ ಮೇಲೆ ಚಿಕಿತ್ಸೆಯನ್ನು ಪರೀಕ್ಷಿಸುವ ಅಧ್ಯಯನಕ್ಕೆ ಸೇರಿಸುತ್ತೇವೆ, ಕೆಲವು ಲಕ್ಷ ಆಗುತ್ತದೆ ಅನ್ನುತ್ತಾರೆ. ಊರಿನ ಜಮೀನು ಮಾರೋಣವೇ ಅಂತ ಅಮ್ಮ ಕೇಳುತ್ತಿದ್ದಾರೆ.

ಉತ್ತರ (ನರರೋಗ ವೈದ್ಯೆ, ಮುಂಬೈ): ದಯವಿಟ್ಟು ಮಾರಬೇಡಿ. ಸರಿಯಾದ ಟ್ರಯಲ್‌ನಲ್ಲಿ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಎರಡನ್ನೂ ಕೊಡಬೇಕು ಅಂತ ಕೇಂದ್ರ ಸರ್ಕಾರದ 2019ರ ಟ್ರಯಲ್ ನಿಯಮಗಳಲ್ಲಿದೆ. ಎಂಎನ್‌ಡಿಗೆ ಸ್ಟೆಮ್ ಸೆಲ್‌ನಿಂದ ಗುಣವಾಗುತ್ತದೆ ಅಂತ ಸಾಬೀತಾಗಿಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ, ಇಂಥ ಕಾಯಿಲೆಗೆ ಅದನ್ನು ಒಪ್ಪಿಗೆ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು. ಅವರ ಹತ್ತಿರ ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಮತ್ತು ರೋಗಿಗಳ ಹಿತ ಕಾಯುವ ಎಥಿಕ್ಸ್ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ಬರೀ ಸಂಖ್ಯೆ ತೋರಿಸಿದರೆ ಸಾಲದು.

ಪ್ರಶ್ನೆ (ಅದೇ ಸದಸ್ಯರು): ಆದರೆ ಅವರು ಒಬ್ಬ ರೋಗಿಯ ವಿಡಿಯೋ ತೋರಿಸಿದರು. ಆರು ತಿಂಗಳಾದರೂ ಕಾಯಿಲೆ ಹೆಚ್ಚಾಗದೆ ಹಾಗೇ ಇದ್ದಾರೆ.

ಉತ್ತರ: ಅವರು ಹಾಗೇ ಇರುವುದು ಸಂತೋಷವೇ. ಆದರೆ ಅದು ಔಷಧಿಯಿಂದಲೇ ಅಂತ ಹೇಳಲು ಬರುವುದಿಲ್ಲ. ಈ ಕಾಯಿಲೆ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಹೋಗುತ್ತದೆ. ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ ಕಾಯಿಲೆ ಗೊತ್ತಾಯಿತು, 2018ರವರೆಗೆ ಬದುಕಿದರು. ಕೆಲವರಲ್ಲಿ ಕೆಲವು ತಿಂಗಳು ತಾನಾಗಿಯೇ ತಟಸ್ಥವಾಗಿರುತ್ತದೆ.

ಅದಕ್ಕೇ ನಾನು ಸಣ್ಣ ಅಧ್ಯಯನಗಳನ್ನು ಬೇಗ ನಂಬುವುದಿಲ್ಲ. 2008ರಲ್ಲಿ ಇಟಲಿಯ ಒಂದು ಸಣ್ಣ ಅಧ್ಯಯನ ಲಿಥಿಯಂ ಎಂಬ ಔಷಧಿಯಿಂದ ಕಾಯಿಲೆ ನಿಧಾನವಾಗುತ್ತದೆ ಅಂದಿತು. ಎಷ್ಟೋ ರೋಗಿಗಳು ಆಸೆಯಿಂದ ನುಂಗಿದರು. ಆಮೇಲೆ ಹಲವು ಆಸ್ಪತ್ರೆಗಳು ಸೇರಿ ಪರೀಕ್ಷಿಸಿದಾಗ ಆ ಲಾಭ ಕಾಣಲಿಲ್ಲ. ಎಎಂಎಕ್ಸ್0035 ಎಂಬ ಔಷಧಿಯ ಕಥೆಯೂ ಇದೇ. 137 ಜನರ ಟ್ರಯಲ್ ನೋಡಿ ಅಮೆರಿಕ 2022ರಲ್ಲಿ ಒಪ್ಪಿತು. 664 ಜನರ ಟ್ರಯಲ್‌ನಲ್ಲಿ ಅದು ಸೋತಿತು, 2024ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು. ಹಾಗಾಗಿ ದೊಡ್ಡ ಟ್ರಯಲ್ ಬೇಕು. ಆದರೆ ಇದು ಅಪರೂಪದ ಕಾಯಿಲೆ, ಒಂದು ಆಸ್ಪತ್ರೆಗೆ ಅಷ್ಟು ರೋಗಿಗಳು ಎಲ್ಲಿ ಸಿಗಬೇಕು? ಎಸ್‌ಒಡಿ1 ಜೀನ್ ದೋಷ ಇರುವವರಿಗಾಗಿ ಬಂದ ಟೋಫರ್ಸೆನ್ ಎಂಬ ಔಷಧಿಯ ಟ್ರಯಲ್‌ಗೆ 108 ಜನರನ್ನು ಸೇರಿಸಲು 10 ದೇಶಗಳು ಕೈಜೋಡಿಸಬೇಕಾಯಿತು.

ಪ್ರಶ್ನೆ (ಪುಣೆಯ ಸದಸ್ಯೆ): ಟ್ರಯಲ್ ಸೇರಿದರೂ ಅರ್ಧ ಜನಕ್ಕೆ ಸುಮ್ನೆ ಔಷಧಿಯಿಲ್ಲದ ಮಾತ್ರೆ ಕೊಡುತ್ತಾರೆ ಅಲ್ವಾ? ಉಳಿದಿರುವ ಸಮಯವೇ ಕಡಿಮೆ.

ಉತ್ತರ: ನಿಮ್ಮ ಸಂಕಟ ನ್ಯಾಯವಾದದ್ದು. ಅದನ್ನು ಕಡಿಮೆ ಮಾಡುವ ದಾರಿಯೂ ಬಂದಿದೆ. ಅಮೆರಿಕದಲ್ಲಿ 2020ರಿಂದ ನಡೆಯುತ್ತಿರುವ ಹೀಲಿ ಟ್ರಯಲ್‌ನಲ್ಲಿ ಹಲವು ಔಷಧಿಗಳಿಗೆ ಸೇರಿ ಹೋಲಿಕೆಯ ಗುಂಪು (ಔಷಧಿಯಿಲ್ಲದ ಮಾತ್ರೆ ಪಡೆಯುವವರು) ಒಂದೇ. ಹಾಗಾಗಿ ನಾಲ್ವರಲ್ಲಿ ಮೂವರಿಗೆ ನಿಜವಾದ ಔಷಧಿ ಸಿಗುತ್ತದೆ. ಬ್ರಿಟನ್ನಿನ ಎಂಎನ್‌ಡಿ-ಸ್ಮಾರ್ಟ್ ಕೂಡ ಇದೇ ಬಗೆಯದು. ಕೆಲಸ ಮಾಡದ ಔಷಧಿಯನ್ನು ಅಲ್ಲಿ ಬೇಗ ಬಿಟ್ಟು ಮುಂದೆ ಹೋಗುತ್ತಾರೆ.

ಪ್ರಶ್ನೆ (ಡೊಂಬಿವಲಿ): ಹಾಗಾದರೆ ಈಗ ನಾವು ಏನು ಮಾಡಬೇಕು?

ಉತ್ತರ: ಸಿಟಿಆರ್‌ಐ ವೆಬ್‌ಸೈಟಿನಲ್ಲಿ ಟ್ರಯಲ್‌ಗಳನ್ನು ನೀವೇ ಹುಡುಕಬಹುದು, ದುಡ್ಡು ಬೇಡ. ಜೀನ್ ಪರೀಕ್ಷೆ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ, ಮನೆತನದಲ್ಲಿ ಯಾರಿಗಾದರೂ ಇದ್ದರಂತೂ ತಪ್ಪದೆ. ಅದಕ್ಕಿಂತ ಮೊದಲು ಉಸಿರಾಟದ ಪರೀಕ್ಷೆ ಮಾಡಿಸಿ. ಮಲಗಿದಾಗ ಉಸಿರು ಕಟ್ಟುತ್ತದೆಯೇ, ಬೆಳಿಗ್ಗೆ ತಲೆನೋವು ಇರುತ್ತದೆಯೇ ಅಂತ ತಂದೆಯನ್ನು ಕೇಳಿ. ಹೌದು ಅಂದರೆ ಕಾಯಬೇಡಿ. ಸರಿಯಾದ ಸಮಯಕ್ಕೆ ಹಾಕಿದ, ಮಾಸ್ಕ್ ಮೂಲಕ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದಿಂದ ಆಯಸ್ಸು ಹೆಚ್ಚುತ್ತದೆ, ನಿದ್ದೆಯೂ ಬರುತ್ತದೆ. ರಿಲುಜೋಲ್ ಬಿಡಬೇಡಿ, ಲಿವರ್ ಪರೀಕ್ಷೆ ಆಗಾಗ ಮಾಡಿಸಿ. ನುಂಗುವಾಗ ಕೆಮ್ಮು ಬಂದರೆ ನನಗೆ ಇಲ್ಲೇ ಬರೆಯಿರಿ.