ಮೇ ತಿಂಗಳ ಬಿಸಿಲು, ನಾಲ್ಕು ತಿಂಗಳ ಮಗಳು, ಸಿಂಧನೂರು–ಬಳ್ಳಾರಿ ಬಸ್ಸು

ಪ್ರಶ್ನೆ: ಕಾಲುವೆಯಾಚೆ

ನನ್ನ ತವರು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ, ಗಂಡನ ಮನೆ ಬಳ್ಳಾರಿ. ಬಾಣಂತನ ಮುಗಿಸಿಕೊಂಡು ಮುಂದಿನ ಗುರುವಾರ ಹೊರಡಬೇಕು. ಮಗಳಿಗೆ ನಾಲ್ಕು ತುಂಬಿ ಐದಕ್ಕೆ ಬಿದ್ದಿದೆ. ಚೊಚ್ಚಲು. ಕಾರು ಮಾಡಿಕೊಂಡು ಹೋಗಬಹುದಿತ್ತು, ಆದರೆ ಈಗ ತಾನೆ ತಮ್ಮನ ಮದುವೆ ಮಾಡಿ ಅಪ್ಪನ ಕೈ ಬರಿದಾಗಿದೆ, ಕೇಳಲು ಬಾಯಿ ಬರುತ್ತಿಲ್ಲ. ಬಸ್ಸಿನಲ್ಲಾದರೆ ಆಧಾರ್ ತೋರಿಸಿದರಾಯಿತು, ನನಗೂ ಅವ್ವನಿಗೂ ಟಿಕೆಟ್ಟಿನ ಹಣವಿಲ್ಲ. ಆದ್ದರಿಂದ ಸಿರುಗುಪ್ಪದ ಮೇಲೆ ಹೋಗುವ ಬಸ್ಸೇ ಗಟ್ಟಿ.

ಹೆದರಿಕೆಗೆ ಕಾರಣವಿದೆ. ಹದಿನಾಲ್ಕನೆಯ ವಾರದ ಲಸಿಕೆ ಹಾಕಿಸಿಕೊಂಡು ಬರುವಾಗ ಒಂದು ನಿಲ್ದಾಣದಲ್ಲಿ ಮಗು ಹಸಿದು ಚೀರತೊಡಗಿತು. ಗೋಡೆಯ ಮೇಲೆ ತಾಯಿ-ಮಗುವಿನ ಚಿತ್ರ ಬರೆದ ಕೋಣೆಯೊಂದಿತ್ತು. ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ ಪೊರಕೆ, ಮುರಿದ ಕುರ್ಚಿ. ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದಾರೆ ಎಂದರು. ಕೊನೆಗೆ ಕಬ್ಬಿನ ಹಾಲಿನ ಅಂಗಡಿಯ ಅಮ್ಮ ಗಾಣದ ಹಿಂದೆ ಕೂರಿಸಿ, ಗೋಣಿಚೀಲ ಬಿಚ್ಚಿ ಅಡ್ಡ ಹಿಡಿದು ನಿಂತರು. ಮಗಳ ಬಾಯಿ ಮೊಲೆಗೆ ಸಿಕ್ಕಿತು, ಅಷ್ಟರಲ್ಲಿ ಡೈಪರ್ ಸೋರಿ ನನ್ನ ಸೀರೆಯೆಲ್ಲ ಒದ್ದೆ. ಆ ದಿನ ನಾನೂ ಅತ್ತೆ, ಅವಳೂ ಅತ್ತಳು.

ಇದನ್ನು ಕೇಳಿದ ಅತ್ತೆಯವರು ಗಂಡನ ಕೈಯಲ್ಲಿ ಹಾಲಿನ ಬಾಟಲಿ, ಪುಡಿಯ ಡಬ್ಬಿ ಎರಡನ್ನೂ ಕಳುಹಿಸಿದ್ದಾರೆ. ಬಸ್ಸಿನಲ್ಲಿ ಎಲ್ಲರೆದುರು ಸೆರಗು ಸರಿಸುವುದು ಬೇಡ, ಒಂದು ದಿನ ಬಾಟಲಿಯಾದರೆ ಏನೂ ಆಗುವುದಿಲ್ಲ, ಇಂಥ ಬಿಸಿಲಿನಲ್ಲಿ ನಡುನಡುವೆ ನಾಲ್ಕು ಚಮಚ ನೀರೂ ಕುಡಿಸು ಎನ್ನುತ್ತಾರೆ. ಅವರು ಕೆಟ್ಟವರಲ್ಲ, ಆರು ಮಕ್ಕಳನ್ನು ಹೆತ್ತು ಸಾಕಿದವರು. ಆದರೆ ನನ್ನ ಮಗಳು ಇದುವರೆಗೆ ಬಾಟಲಿಯ ರಬ್ಬರು ಬಾಯಿಗೆ ಇಟ್ಟವಳಲ್ಲ. ಏನು ಮಾಡಲಿ? ಬಸ್ಸಿನಲ್ಲಿ ಡೈಪರ್ ಬದಲಿಸುವುದಾದರೂ ಎಲ್ಲಿ?

ಉತ್ತರ: ರಾಯಚೂರಿನ ಮಾವ

ಇಷ್ಟೆಲ್ಲ ತಲೆನೋವು ಯಾಕಮ್ಮಾ, ಸಾಲ ಮಾಡಿಯಾದರೂ ಕಾರು ಮಾಡು. ಮಗುವಿಗಿಂತ ಹಣ ಹೆಚ್ಚೇ?

ಉತ್ತರ: ಹಸಿರು ಚೀಲದ ಅಕ್ಕ

ಮಾವನವರೇ, ಸಾಲ ನೀವು ತೀರಿಸುವುದಾದರೆ ಹೇಳಿ, ಕಾರು ಗೊತ್ತು ಮಾಡೋಣ.

ತಂಗಿ, ನಾನು ಹನ್ನೊಂದು ವರ್ಷದಿಂದ ಬಸ್ಸಿನಲ್ಲಿ ಕಂಡಕ್ಟರ್. ನನ್ನ ಇಬ್ಬರನ್ನೂ ಬಸ್ಸಿನಲ್ಲಿಯೇ ಹಾಲೂಡಿಸಿ ಬೆಳೆಸಿದ್ದೇನೆ. ನಿನ್ನದು ಎರಡೂವರೆ ಮೂರು ಗಂಟೆಯ ದಾರಿ, ಅಂಜಬೇಡ.

ಬೆಳಗಿನ ಬಸ್ಸು ಹಿಡಿ. ಒಂಬತ್ತು ದಾಟಿದರೆ ಸೀಟಿನ ರೆಕ್ಸಿನ್ನೇ ಕಾದ ಹಂಚಾಗುತ್ತದೆ. ಸಿಂಧನೂರಿನಿಂದ ಬಳ್ಳಾರಿಗೆ ಬಸ್ಸು ದಕ್ಷಿಣಕ್ಕೆ ಓಡುತ್ತದೆ, ಬೆಳಗಿನ ಬಿಸಿಲು ಎಡಗಡೆಗೆ ಬೀಳುತ್ತದೆ. ಆದ್ದರಿಂದ ಬಲಗಡೆ ಕಿಟಕಿಯ ಬದಿಗೆ ಕೂರು. ಮಧ್ಯಾಹ್ನದ ಮೇಲೆ ಹೊರಟರೆ ಇದು ತಿರುಗಾಮುರುಗಾ. ಮಹಿಳೆಯರಿಗೆಂದು ಬರೆದಿದೆ ಎಂದು ಎಲ್ಲಕ್ಕಿಂತ ಮುಂದಿನ ಸೀಟಿಗೆ ಹೋಗಬೇಡ, ಅಲ್ಲಿ ಎಂಜಿನ್ನಿನ ಕಾವು ಪಾದಕ್ಕೇ ಹೊಡೆಯುತ್ತದೆ. ಹಿಂದಿನ ಗಾಲಿಯ ಮೇಲೂ ಬೇಡ, ಪ್ರತಿ ಉಬ್ಬಿಗೂ ಮಗು ಎಗರುತ್ತದೆ. ನಾಲ್ಕನೆಯ, ಐದನೆಯ ಸಾಲು ಸರಿ. ಹತ್ತುವಾಗಲೇ ಕಂಡಕ್ಟರ್‌ಗೆ ಒಂದು ಮಾತು ಹೇಳು: ‘ಹಾಲು ಕುಡಿಯುವ ಮಗು ಇದೆ, ಕಿಟಕಿ ಬದಿ ಬೇಕು.’ ಯಾರನ್ನಾದರೂ ಎಬ್ಬಿಸುವುದು ನಮ್ಮ ಕೆಲಸ. ನಾನು ಮೂಗು ಮುರಿದವರನ್ನೂ ಎಬ್ಬಿಸಿದ್ದೇನೆ.

ಮರೆಗೆ ಟವೆಲ್ ಬೇಡ. ದಪ್ಪ ಬಟ್ಟೆಯೊಳಗೆ ಮಗು ಬೆವೆತು, ಉಸಿರುಗಟ್ಟಿದಂತಾಗಿ ಮೊಲೆ ಬಿಟ್ಟುಬಿಡುತ್ತದೆ. ಆಗ ಎಲ್ಲರೂ ತಿರುಗಿ ನೋಡುತ್ತಾರೆ. ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಯಿಂದ ಎರಡು ಮೊಳ ಹರಿದುಕೋ. ಒಂದು ತುದಿಯನ್ನು ಮುಂದಿನ ಸೀಟಿನ ಕಂಬಿಗೆ ಕಟ್ಟು, ಇನ್ನೊಂದು ತುದಿಯನ್ನು ಎಡಭುಜದ ಮೇಲೆ ಪಿನ್ನು ಹಾಕಿ ನಿಲ್ಲಿಸು. ನಡುವಿನ ದಾರಿಗೆ ಪರದೆಯಾಯಿತು, ಕಿಟಕಿಯ ಗಾಳಿ ಮಗುವಿಗೆ ಸಿಕ್ಕಿತು. ನಿನಗೂ ಮಗುವಿನ ಮುಖ ಕಾಣುತ್ತದೆ. ಅವ್ವ ಪಕ್ಕದಲ್ಲಿ ಗೋಡೆಯ ಹಾಗೆ ಕೂರಲಿ. ಅತ್ತ ಮೇಲೆ ಹಾಲು ಎಂದು ಕಾಯಬೇಡ. ತುಟಿ ಚಪ್ಪರಿಸಿ ಕೈ ಬಾಯಿಗೆ ಒಯ್ದ ಕೂಡಲೇ ಕೊಡು. ಉಬ್ಬು ಬಂದಾಗ ಕುತ್ತಿಗೆಯ ಹಿಂದೆ ಅಂಗೈ ಇರಲಿ.

ಡೈಪರ್: ಬಸ್ಸು ನಿಂತಾಗ ಮಾತ್ರ. ಸಿರುಗುಪ್ಪದಲ್ಲಿ ಜನ ಇಳಿಯುತ್ತಾರೆ, ಆಗ ಸೀಟು ಖಾಲಿ. ತೊಡೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಬಟ್ಟೆ. ಮಗುವಿನ ತಲೆ ನಿನ್ನ ಮೊಣಕಾಲಿನ ಕಡೆ, ಕಾಲು ಹೊಟ್ಟೆಯ ಕಡೆ. ಹಳೆಯದನ್ನು ಬಿಚ್ಚುವ ಮೊದಲೇ ಹೊಸದನ್ನು ಅದರ ಕೆಳಗೆ ಹಾಸಿಡು. ಆಮೇಲೆ ಬಿಚ್ಚಿ, ಒರೆಸಿ, ಹಳೆಯದನ್ನು ಎಳೆದರೆ ಹೊಸದು ಅಲ್ಲಿಯೇ ಇರುತ್ತದೆ. ಹಳೆಯದನ್ನು ಸುರುಳಿ ಸುತ್ತಿ, ಅದರದೇ ಅಂಟುಪಟ್ಟಿ ಹಚ್ಚಿ, ಪೇಪರಿನಲ್ಲಿ ಕಟ್ಟಿ, ಕ್ಯಾರಿಬ್ಯಾಗಿಗೆ ಹಾಕಿ ಗಂಟು ಬಿಗಿ. ಕಸದ ತೊಟ್ಟಿ ಸಿಗುವವರೆಗೆ ನಿನ್ನ ಹತ್ತಿರವೇ ಇರಲಿ. ಒಮ್ಮೆ ನನ್ನ ಬಸ್ಸಿನಿಂದ ಯಾರೋ ಕಿಟಕಿಯಾಚೆ ಎಸೆದದ್ದು ಹಿಂದೆ ಬರುತ್ತಿದ್ದ ಬೈಕಿನವನ ಎದೆಗೆ ಬಡಿಯಿತು. ಅವನು ಮುಂದೆ ಬಂದು ಬಸ್ಸು ನಿಲ್ಲಿಸಿ ಬೈದದ್ದು ನನ್ನನ್ನು.

ನಿಲ್ದಾಣದ ಬೀಗದ ವಿಷಯ: ಮುಂದಿನ ಸಲ ವಿಚಾರಣಾ ಕೌಂಟರಿನ ಮುಂದೆ ಮಗುವನ್ನು ಎತ್ತಿಕೊಂಡು ಸುಮ್ಮನೆ ನಿಂತುಬಿಡು. ಆ ಚೀರಾಟಕ್ಕೆ ಬೀಗದ ಕೈ ತಾನಾಗಿ ಬರುತ್ತದೆ.

ಉತ್ತರ: ಬಿಳಿ ಸೀರೆ

ನಾನು ರಾಯಚೂರು ಜಿಲ್ಲೆಯಲ್ಲಿ ನರ್ಸ್. ನಿಮ್ಮ ಅತ್ತೆಯವರ ಮಾತಿಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಈ ಮಾತನ್ನು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇನೆ.

ಆರು ತಿಂಗಳು ತುಂಬುವವರೆಗೆ ನೀರು ಬೇಡ, ನಲವತ್ತು ಡಿಗ್ರಿ ಬಿಸಿಲಿದ್ದರೂ ಬೇಡ. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು ಎಂಬತ್ತೆಂಟರಷ್ಟು ಇರುವುದು ನೀರೇ. ಸೆಕೆಗೆ ಮಗು ಪದೇ ಪದೇ ಮೊಲೆ ಕೇಳುತ್ತದೆ, ಅದು ಅದರ ಬಾಯಾರಿಕೆ. ನಾಲ್ಕು ಚಮಚ ನೀರಿನಿಂದ ಪುಟ್ಟ ಹೊಟ್ಟೆ ತುಂಬಿ ಹಾಲು ಕಡಿಮೆ ಕುಡಿಯುತ್ತದೆ, ನೀರು ಕೆಟ್ಟಿದ್ದರೆ ಭೇದಿ ಬೇರೆ. ನೀರು ಕುಡಿಯಬೇಕಾದವರು ನೀವು. ತಂಬಿಗೆಗಟ್ಟಲೆ ಮಜ್ಜಿಗೆ ಕುಡಿಯಿರಿ, ಬಸ್ಸಿನಲ್ಲಿ ಶೌಚಾಲಯವಿಲ್ಲ ಎಂದು ಗಂಟಲು ಒಣಗಿಸಿಕೊಂಡು ಕೂರಬೇಡಿ. ನಾಲ್ಕು ತಿಂಗಳ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಲೆಕ್ಕ.

ಹಾಲು ಹಿಂಡಿ ಒಯ್ಯುವ ಯೋಚನೆ ಇದ್ದರೆ ಅದೂ ಬೇಡ. ನಾಲ್ಕು ಗಂಟೆ ಕೆಡುವುದಿಲ್ಲ ಎನ್ನುವುದು ಇಪ್ಪತ್ತೈದು ಡಿಗ್ರಿಯ ತಂಪು ಕೋಣೆಯ ಲೆಕ್ಕ. ನಮ್ಮ ಮೇ ತಿಂಗಳ ಬಸ್ಸಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಪುಡಿಹಾಲನ್ನು ವೈದ್ಯರು ಹೇಳಿ ಕುಡಿಸುತ್ತಿರುವ ಮಗುವಾದರೆ ಮಾತು ಬೇರೆ. ಆಗ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ದು, ಆಗಿಂದಾಗ ಕಲಸಿ, ಉಳಿದದ್ದನ್ನು ಚೆಲ್ಲಬೇಕು. ನಿಮ್ಮ ಮಗಳಿಗೆ ಅದರ ಅಗತ್ಯವಿಲ್ಲ.

ಇನ್ನೊಂದು, ಡೈಪರ್ ಒಳಗೆ ಪೌಡರ್ ಸುರಿಯಬೇಡಿ. ಹೊರಡುವ ಮೊದಲು ತೊಡೆಸಂದಿಗೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಉತ್ತರ: ಕೊಪ್ಪಳದ ಅಪ್ಪ

ಮಾತಿನ ನಡುವೆ ಒಬ್ಬ ಗಂಡಸು ಬರುತ್ತಿದ್ದೇನೆ, ಕ್ಷಮಿಸಿ. ನಾವು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಓಡಾಡುವವರು, ಡೈಪರ್ ಖಾತೆ ನನ್ನದು. ರೈಲಿನಲ್ಲಿ ಹೋಗುವವರಿಗೆ ಒಂದೇ ಮಾತು: ಬಳಸಿದ್ದನ್ನು ಶೌಚಾಲಯದ ಗುಂಡಿಗೆ ಹಾಕಬೇಡಿ. ಈಗಿನ ಬೋಗಿಗಳಲ್ಲಿ ಇರುವುದು ಜೈವಿಕ ಶೌಚಾಲಯ, ಒಂದು ಡೈಪರ್ ಸಾಕು ಕಟ್ಟಿಕೊಳ್ಳಲು.

ಒಮ್ಮೆ ಎದುರಿಗೆ ಕುಳಿತಿದ್ದ ಹಿರಿಯರು ನನ್ನ ಹೆಂಡತಿಗೆ, ಇದನ್ನೆಲ್ಲ ಮನೆಯಲ್ಲಿ ಮುಗಿಸಿ ಬರಬೇಕು ಎಂದರು. ಎರಡು ಗಂಟೆಗೊಮ್ಮೆ ಬರುವ ಹಸಿವನ್ನು ಮನೆಯಲ್ಲಿ ಹೇಗೆ ಮುಗಿಸುವುದು? ಮೊಲೆಯೂಡಿಸುವುದು ತಾಯಿಯಿಂದ ಕಸಿದುಕೊಳ್ಳಲಾಗದ ಹಕ್ಕು, ಸಂವಿಧಾನದ 21ನೇ ವಿಧಿ ಅದನ್ನು ಕಾಯುತ್ತದೆ ಎಂದು 2021ರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ. ನಾನು ಅದನ್ನು ಅವರಿಗೆ ಹೇಳಿದೆ. ಅವರು ಪೇಪರಿನಿಂದ ಮುಖ ಮುಚ್ಚಿಕೊಂಡರು. ಮರೆ ಬೇಕಾದದ್ದು ಅವರಿಗೇ ಎಂದಾಯಿತು.

ಮರುಮಾತು: ಕಾಲುವೆಯಾಚೆ

ಬಳ್ಳಾರಿ ಮುಟ್ಟಿ ಮೂರು ದಿನವಾಯಿತು. ಕಂಡಕ್ಟರ್ ಅಕ್ಕ, ನಿಮ್ಮ ಬಲಗಡೆಯ ಲೆಕ್ಕ ನೂರಕ್ಕೆ ನೂರು. ಎಡಗಡೆ ಕುಳಿತವರು ಕೊಡೆ ಬಿಚ್ಚುವುದೊಂದು ಬಾಕಿ.

ಸಿರುಗುಪ್ಪದವರೆಗೆ ಮಹಾರಾಣಿಗೆ ನಿದ್ದೆ. ಬಸ್ಸು ನಿಂತಾಗ ಏಳಲಿಲ್ಲ, ಡೈಪರ್ ಬದಲಿಸಲು ಹೋದರೆ ಅವ್ವ, ಮಲಗಿದ ಮಗುವನ್ನು ಎಬ್ಬಿಸಬೇಡ ಎಂದು ಕೈ ಹಿಡಿದಳು. ಬಸ್ಸು ಊರು ದಾಟಿದ್ದೇ ತಡ, ಎದ್ದು ಎಲ್ಲ ಮಾಡಿಕೊಂಡಳು. ಹೊಸ ಡೈಪರುಗಳನ್ನು ನಾನು ಜಾಣೆಯಂತೆ ದೊಡ್ಡ ಚೀಲದಲ್ಲಿ ತುಂಬಿದ್ದೆ, ಆ ಚೀಲ ಮೇಲಿನ ಕಂಬಿಯಲ್ಲಿ ಯಾರದೋ ಗಂಟುಗಳ ಕೆಳಗೆ. ಹಿಂದಿನ ಸೀಟಿನ ಮುದುಕಿಯೊಬ್ಬರು ತಮ್ಮ ಕೈಚೀಲದಿಂದ ಮಡಿಸಿದ ಹಳೆಯ ಪಂಚೆ ತೆಗೆದು, ಕೇಳದೆಯೇ ಅರ್ಧಕ್ಕೆ ಹರಿದು ಲಂಗೋಟಿ ಕಟ್ಟಿಬಿಟ್ಟರು. ಓಡುವ ಬಸ್ಸಿನಲ್ಲಿ, ನಿಂತುಕೊಂಡು, ಒಂದೇ ಗಂಟು. ಬಳ್ಳಾರಿಯವರೆಗೆ ಸಡಿಲಾಗಲಿಲ್ಲ. ಹಾಲು ಎರಡು ಸಲ ಕೊಟ್ಟೆ, ಪರದೆಯೊಳಗೆ. ಎರಡನೆಯ ಸಲ ಪಿನ್ನು ಕಳಚಿ ಬಿತ್ತು, ಯಾರೂ ನೋಡಿದಂತೆ ಕಾಣಲಿಲ್ಲ, ನಾನೂ ಹುಡುಕಲಿಲ್ಲ.

ಅತ್ತೆಯವರು ಬಾಗಿಲಲ್ಲಿ ಆರತಿ ಎತ್ತಿ, ಮಗುವಿನ ತುಟಿ ಮುಟ್ಟಿ ನೋಡಿದರು. ಒಣಗಿರಲಿಲ್ಲ. ‘ನೀರು ಕುಡಿಸಿದೆಯಾ?’ ಎಂದರು. ‘ನಾನು ಕುಡಿದೆ ಅತ್ತೆ, ಎರಡು ಬಾಟಲಿ’ ಎಂದೆ. ಏನೂ ಅನ್ನಲಿಲ್ಲ. ಪುಡಿಯ ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಿದ್ದಾರೆ. ಹಾಲಿನ ಬಾಟಲಿಯನ್ನು ಅಂಗಡಿಯವನು ತೆಗೆದುಕೊಳ್ಳಲಿಲ್ಲವಂತೆ, ಅದರಲ್ಲಿ ಈಗ ದೇವರ ದೀಪದ ಎಣ್ಣೆ ಇದೆ.