ಅಕ್ಕನಿಗೆ ಈ ಕಾದಂಬರಿ ಬಗ್ಗೆ ಏನಂತ ಹೇಳಲಿ?

ಸಾಗರದವಳು:
ಮಲಿಂಡಾ ಲೋ ಬರೆದ ‘ಲಾಸ್ಟ್ ನೈಟ್ ಅಟ್ ದ ಟೆಲಿಗ್ರಾಫ್ ಕ್ಲಬ್’ ಮುಗಿಸಿ ನಾಲ್ಕು ದಿನ ಆಯಿತು. ಇನ್ನೂ ತಲೆಯಿಂದ ಇಳಿದಿಲ್ಲ. 1954ರ ಸ್ಯಾನ್ ಫ್ರಾನ್ಸಿಸ್ಕೋ, ಚೈನಾಟೌನ್. ಲಿಲಿ ಹೂ ಅಂತ ಹದಿನೇಳರ ಹುಡುಗಿ. ರಾಕೆಟ್ ಅಂದರೆ ಪ್ರಾಣ. ಕ್ಲಾಸಿನ ಕ್ಯಾತ್ ಅನ್ನೋ ಹುಡುಗಿ ಜೊತೆ ಕದ್ದು ಒಂದು ಕ್ಲಬ್ಬಿಗೆ ಹೋಗುತ್ತಾಳೆ. ಅಲ್ಲಿ ಹೆಂಗಸೊಬ್ಬಳು ಗಂಡಸಿನ ವೇಷದಲ್ಲಿ ಹಾಡುತ್ತಾಳೆ.

ನನಗೂ ಆ ಊರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಆ ಗಾಯಕಿಯ ಜಾಹೀರಾತನ್ನು ಲಿಲಿ ಪೇಪರಿನಿಂದ ಹರಿದಿಟ್ಟುಕೊಳ್ಳುತ್ತಾಳಲ್ಲ, ಅಲ್ಲಿ ಪುಸ್ತಕ ಮಡಚಿಟ್ಟು ಎದ್ದುಹೋದೆ. ಪಿಯುಸಿಯಲ್ಲಿ ನಾನೂ ವಾರಪತ್ರಿಕೆಯಿಂದ ಟೆನಿಸ್ ಆಟಗಾರ್ತಿಯೊಬ್ಬಳ ಫೋಟೊ ಹರಿದು, ಫಿಸಿಕ್ಸ್ ರೆಕಾರ್ಡಿನ ರಟ್ಟಿಗೂ ಬೈಂಡಿಗೂ ನಡುವೆ ತೂರಿಸಿದ್ದೆ. ಒಂದು ಮೂಲೆ ಒಂಚೂರು ಉಬ್ಬಿತ್ತು. ಪ್ರಾಕ್ಟಿಕಲ್ ಪರೀಕ್ಷೆ ದಿನ ಲೆಕ್ಚರರ್ ಅದರ ಮೇಲೆ ಹೆಬ್ಬೆರಳು ಸವರಿದಾಗ ಜೀವ ಬಾಯಿಗೆ ಬಂದಿತ್ತು. ಆಟ ಇಷ್ಟ ಅಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅಲ್ವಾ? ಆದರೂ ಬಚ್ಚಿಟ್ಟೆ.

ಇದನ್ನೆಲ್ಲ ಅಕ್ಕನಿಗೆ ಹೇಳಬೇಕು. ಅವಳು ಇಂಗ್ಲಿಷ್ ಕಾದಂಬರಿ ಓದಲ್ಲ. ಕಥೆ ಹೇಳಹೊರಟರೆ ಮೊದಲ ಸಾಲಿಗೇ ತಡವರಿಸುತ್ತೇನೆ. ಪೇಪರಿನವರ ‘ಸಲಿಂಗಕಾಮ’ ಅನ್ನೋ ಪದ ಮುಗಿಯುವುದೇ ಕಾಮದಲ್ಲಿ. ನನ್ನ ರೆಕಾರ್ಡಿನ ಫೋಟೊಗೆ ಅದು ಒಗ್ಗಲ್ಲ. ನೀವೆಲ್ಲ ಮನೆಯಲ್ಲಿ ಏನಂತ ಹೇಳಿದಿರಿ?

ಡಿಕಾಕ್ಷನ್:
ನಾನು ‘ಸಲಿಂಗ ಪ್ರೇಮ’ ಅಂದು ನೋಡಿದೆ. ಅಮ್ಮನಿಗೆ ಪಾಠ ಓದಿ ಹೇಳಿದಂಗಾಯಿತು. ಕೊನೆಗೆ “ಆ ಹುಡುಗಿಗೆ ಈ ಹುಡುಗಿ ಅಂದ್ರೆ ಇಷ್ಟ” ಅಂದೆ. “ಎಷ್ಟು ಇಷ್ಟ?” ಅಂದರು. ಕುಕ್ಕರ್ ಮೂರು ಸಲ ಕೂಗಿತು, ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಹಳೇಪುಸ್ತಕ:
ಬರೀ ಪ್ರೀತಿ ಕಥೆ ಹೇಳಬೇಡಿ, ಲಿಲಿಯ ಅಪ್ಪನದ್ದೂ ಹೇಳಿ. ತನ್ನ ರೋಗಿಯೊಬ್ಬ ಕಮ್ಯುನಿಸ್ಟ್ ಅಂತ ಹೇಳಿಕೆ ಕೊಡಲಿಲ್ಲ ಅಂತ ಆ ಡಾಕ್ಟರ ಪೌರತ್ವದ ಕಾಗದವನ್ನೇ ಕಿತ್ತುಕೊಳ್ಳುತ್ತಾರೆ. ಮನೆಯವರೆಲ್ಲ ಮೊದಲೇ ಹೆದರಿ ಕೂತಿದ್ದಾರೆ. ಅಂಥ ಮನೆಯಲ್ಲಿ ಮಗಳ ಗುಟ್ಟು ಅವಳೊಬ್ಬಳದ್ದಾಗಿ ಉಳಿಯಲ್ಲ. ‘ನಾಲ್ಕು ಜನ ಏನಂತಾರೆ’ ಕೇಳಿ ಬೆಳೆದ ಯಾವ ಅಕ್ಕನಿಗೂ ಇದು ಬಿಡಿಸಿ ಹೇಳಬೇಕಿಲ್ಲ. ನನಗೆ ಮಾತ್ರ ನಡುವಿನ ಇತಿಹಾಸ ಸ್ವಲ್ಪ ಜಾಸ್ತಿಯಾಯಿತು. 2021ರ ನ್ಯಾಷನಲ್ ಬುಕ್ ಅವಾರ್ಡ್ ಬಂದಿದೆ ಅನ್ನೋದನ್ನೂ ಸೇರಿಸಿ. ಪ್ರಶಸ್ತಿ ಅಂದರೆ ನಮ್ಮಕ್ಕ ಕೂತು ಕೇಳುತ್ತಾಳೆ.

ಸಾಗರದವಳು:
ನಿನ್ನೆ ಫೋನ್ ಮಾಡಿದೆ. ಪದದ ಗೋಜಿಗೇ ಹೋಗಲಿಲ್ಲ. ಲಿಲಿ ಜಾಹೀರಾತು ಹರಿದಿದ್ದು ಹೇಳಿದೆ, ನನ್ನ ಫೋಟೊದ್ದೂ ಹೇಳಿಬಿಟ್ಟೆ. ಅಕ್ಕ ಸುಮಾರು ಹೊತ್ತು ಸುಮ್ನಿದ್ದಳು. ಆಮೇಲೆ, “ಆ ಪುಟ ಹರಿದವಳು ನೀನೇನೇ? ಹಿಂದುಗಡೆ ನನ್ನ ಧಾರಾವಾಹಿ ಇತ್ತು ಕಣೆ!” ಅಂತ ಬೈದಳು. ಉಳಿದ ಕಥೆ ಭಾನುವಾರ ಹೇಳಬೇಕಂತೆ.