ಮಾರ್ಟ್‌ಗೇಜ್: ಸತ್ತದ್ದು ಯಾವುದು?

ಮನೆ ಸಾಲದ ಕರಾರೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಿಂದೆ ಅನುವಾದಿಸಿದವರು ‘ಮಾರ್ಟ್‌ಗೇಜ್’ ಬಂದಲ್ಲೆಲ್ಲ ‘ಭೋಗ್ಯ’ ಎಂದು ಬರೆದಿಟ್ಟಿದ್ದಾರೆ. ಇದು ತಪ್ಪು. ಭೋಗ್ಯದಲ್ಲಿ ಸಾಲ ಕೊಟ್ಟವನೇ ಹೊಲದ ಫಸಲನ್ನೋ ಮನೆಯ ವಾಸವನ್ನೋ ಅನುಭವಿಸುತ್ತಾನೆ. ಬ್ಯಾಂಕಿನಿಂದ ಸಾಲ ಪಡೆದವನಾದರೋ ತನ್ನ ಮನೆಯಲ್ಲೇ ಇರುತ್ತಾನೆ. ಬೀರುವಿನಲ್ಲಿದ್ದ ಕ್ರಯಪತ್ರವಷ್ಟೇ ಬ್ಯಾಂಕಿಗೆ ಹೋಗಿರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 58ನೇ ಕಲಮು ಹೇಳುವ ಆರು ಬಗೆಗಳಲ್ಲಿ ಭೋಗ್ಯವೂ ಒಂದು, ಅಷ್ಟೇ. ಆರಕ್ಕೂ ಸಲ್ಲುವ ಪದ ಅಡಮಾನ.

ಮಾರ್ಟ್‌ಗೇಜ್ ಹಳೆಯ ಫ್ರೆಂಚಿನಿಂದ ಬಂದದ್ದು. ‘ಮಾರ್ಟ್’ ಎಂದರೆ ಸತ್ತ, ‘ಗೇಜ್’ ಎಂದರೆ ಒತ್ತೆ. ಹಾಗಾದರೆ ಇಲ್ಲಿ ಸತ್ತದ್ದು ಯಾವುದು? 17ನೇ ಶತಮಾನದ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಎಡ್ವರ್ಡ್ ಕೋಕ್ ಕೊಟ್ಟ ವಿವರಣೆ ಹೆಚ್ಚು ಪ್ರಸಿದ್ಧ: ಸಾಲ ತೀರಿಸದಿದ್ದರೆ ಭೂಮಿ ಸಾಲಗಾರನ ಪಾಲಿಗೆ ಸತ್ತಂತೆ, ತೀರಿಸಿದರೆ ಒತ್ತೆ ಸಾಲ ಕೊಟ್ಟವನ ಪಾಲಿಗೆ ಸತ್ತಂತೆ. ಆದರೆ ಗ್ಲಾನ್‌ವಿಲ್‌ನ ಹೆಸರಿನಲ್ಲಿರುವ 12ನೇ ಶತಮಾನದ ಇಂಗ್ಲಿಷ್ ಕಾನೂನು ಗ್ರಂಥದ ಮಾತೇ ಬೇರೆ. ಭೂಮಿಯ ಆದಾಯವನ್ನು ಸಾಲ ಕೊಟ್ಟವನು ಉಣ್ಣುತ್ತಾನೆ, ಅದರಿಂದ ಅಸಲು ಒಂದು ಕಾಸೂ ಇಳಿಯುವುದಿಲ್ಲ. ಅಂಥದ್ದು ಸತ್ತ ಒತ್ತೆ. ಪದ ಹುಟ್ಟಿದ ಕಾಲಕ್ಕೆ ಹತ್ತಿರವಿರುವ ಈ ಅರ್ಥವನ್ನೇ ನಾನು ನಂಬುತ್ತೇನೆ. ಬಡ್ಡಿಯನ್ನು ಪಾಪವೆಂದ ಚರ್ಚು ಇದನ್ನೂ ಬಡ್ಡಿಯೆಂದೇ ಎಣಿಸಿತ್ತು.

ನನ್ನನ್ನು ಬೆರಗುಗೊಳಿಸಿದ್ದು ಯಾಜ್ಞವಲ್ಕ್ಯ ಸ್ಮೃತಿ. ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದದ್ದು ಇದಕ್ಕೇ. ಅಲ್ಲಿ ಒತ್ತೆಗೆ ‘ಆಧಿ’ ಎಂದು ಹೆಸರು. ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದ ಆಧಿ ‘ನಶಿಸುತ್ತದೆ’, ಅಂದರೆ ಇಟ್ಟವನ ಕೈತಪ್ಪುತ್ತದೆ. ಕೋಕ್ ಹೇಳಿದ ಸಾವೂ ಇದೇ ಅಲ್ಲವೇ? ಆದರೆ ‘ಫಲಭೋಗ್ಯೋ ನ ನಶ್ಯತಿ’ ಎಂಬ ಮಾತೂ ಅಲ್ಲೇ ಇದೆ: ಫಲವನ್ನು ಅನುಭವಿಸುವ ಒತ್ತೆಗೆ ನಾಶವಿಲ್ಲ. ಗ್ಲಾನ್‌ವಿಲ್ ಸತ್ತದ್ದೆಂದ ಒತ್ತೆಯೂ ಯಾಜ್ಞವಲ್ಕ್ಯ ಸಾಯದೆಂದ ಒತ್ತೆಯೂ ಒಂದೇ ಬಗೆಯವು! ಒಬ್ಬನು ಸಾಲಕ್ಕೆ ಜಮೆಯಾಗದ ಆದಾಯವನ್ನು ನೋಡಿದ, ಇನ್ನೊಬ್ಬನು ಬಿಡಿಸಿಕೊಳ್ಳುವ ಹಕ್ಕನ್ನು ನೋಡಿದ.

ಈಗ ನನ್ನ ಪ್ರಶ್ನೆ. ಅಡವಿಟ್ಟ ಒಡವೆ ವಾಯಿದೆ ಮೀರಿ ಕೈಬಿಟ್ಟುಹೋದರೆ ನಮ್ಮ ಮನೆಯಲ್ಲಿ ‘ಮುಳುಗಿಹೋಯಿತು’ ಎನ್ನುತ್ತಿದ್ದರು. ಹೊಲಕ್ಕೂ ಮನೆಗೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ನಿಮ್ಮ ಕಡೆ ಏನೆನ್ನುತ್ತಾರೆ? ಹಳೆಯ ಭೋಗ್ಯಪತ್ರ ಯಾರ ಮನೆಯಲ್ಲಾದರೂ ಇದ್ದರೆ, ಅದರಲ್ಲಿ ಈ ಸಂದರ್ಭಕ್ಕೆ ಬಳಸಿದ ಕ್ರಿಯಾಪದ ಯಾವುದೆಂದು ದಯವಿಟ್ಟು ನೋಡಿ ತಿಳಿಸಿ.